ಸೀಬೆಹಣ್ಣಿನ ತಿರುವು

ಜುಲೈ 8, ಮಂಗಳವಾರ

ಹಾಲಿನ ಡೇರಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದ ಡೈರಿಯನ್ನು ಅಪ್ಪ ಅಟ್ಟದಿಂದ ಇಳಿಸಿ, ಧೂಳು ಒರೆಸಿ ನನ್ನ ಕೈಗಿಟ್ಟರು. "ಬಾಯ್ಬುಟ್ಟು ಏಳ್ದಿದ್ರೆ ಬ್ಯಾಡ, ಇದ್ರಲ್ಲಾದ್ರೂ ಬರ್ದಾಕು ಮಗ. ನಾನಂತೂ ಓದಾಕಿಲ್ಲ" ಅಂದರು. ಅಪ್ಪ ದೊಡ್ಡಮಾದಯ್ಯ ಪಂಚಾಯಿತಿಯಲ್ಲಿ ನೀರು ಬಿಡುವ ನೀರುಗಂಟಿಯಾಗಿದ್ದವರು. ಅಕ್ಷರ ಕೂಡಿಸಿ ಓದುವುದು ಅವರಿಗೆ ಕಷ್ಟ, ಆದರೆ ಮನೆಗೆ ಪೇಪರ್ ತಪ್ಪಿಸುವುದಿಲ್ಲ. ಚಿಕ್ಕಂದಿನಿಂದ ಬೆಳಗ್ಗೆ ಪೇಪರ್ ಓದಿ ಹೇಳುವುದು ನನ್ನ ಕೆಲಸ. ನನಗೆ ಗೊತ್ತಿರುವ ಬರವಣಿಗೆ ಅದೊಂದೇ. ಹಾಗಾಗಿ ಪೇಪರಿನವರ ಹಾಗೆಯೇ ಬರೆಯುತ್ತೇನೆ.

ಜೂನ್ 19, ಗುರುವಾರ ಬೆಳಗ್ಗೆ ಗಾರ್ಮೆಂಟ್ಸ್ ಕೆಲಸಗಾರರನ್ನು ಕರೆದೊಯ್ಯುತ್ತಿದ್ದ ಟೆಂಪೊ ನಮ್ಮೂರಿನಿಂದ ತಾಂಡವಪುರಕ್ಕೆ ಹೋಗುವ ರಸ್ತೆಯ ತಿರುವಿನಲ್ಲಿ ಮಗುಚಿ ಬಿತ್ತು. ಒಬ್ಬ ಮಹಿಳೆ ಸಾವು, ಹಲವರಿಗೆ ಸಣ್ಣಪುಟ್ಟ ಗಾಯ. ಪೇಪರಿನಲ್ಲಿ ಬಂದದ್ದು ಇಷ್ಟೇ.

ಒಬ್ಬ ಮಹಿಳೆ ಎಂದರೆ ಭಾನುಪ್ರಿಯಾ. ಸಣ್ಣಪುಟ್ಟ ಗಾಯದಲ್ಲಿ ನಾನು ಬರುತ್ತೇನೆ.

ಅವಳು ಹೆಮ್ಮಿಗೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು. ಕಾರ್ಖಾನೆಯಲ್ಲಿ ಅವಳು ಕಾಲರ್ ಹೊಲಿಯುತ್ತಿದ್ದಳು. ಅದೇ ಸಾಲಿನ ಕೊನೆಯಲ್ಲಿ ನಾನು ಹೊಲಿಗೆ ನೋಡುವ ಚೆಕ್ಕರ್. ಊಟದ ಹೊತ್ತಿಗೆ ಇಬ್ಬರದ್ದೂ ಒಂದೇ ಡಬ್ಬಿ. ನಾನು ಗಂಡನ ಮನೆ ಬಿಟ್ಟು ಅಪ್ಪನ ಹತ್ತಿರ ಬಂದು ನಾಲ್ಕು ವರ್ಷವಾಯಿತು. ಯಾಕೆ ಬಂದೆ ಎಂದು ಕೇಳದೆ ಪಕ್ಕದಲ್ಲಿ ಕೂತವಳು ಅವಳೊಬ್ಬಳೇ. ಅವಳ ಮನೆ ಮೇಲಿನ ಬೀದಿಯಲ್ಲಿ, ನಮ್ಮದು ಕೆಳಗಿನ ಕೇರಿಯಲ್ಲಿ. ಅವಳ ಮನೆ ಜಗುಲಿಯವರೆಗೆ ಹೋಗಿದ್ದೇನೆ, ಒಳಗೆ ಹೋಗಿಲ್ಲ. ಊರಿನಲ್ಲಿ ಹಾಗೆ ನಡೆದುಕೊಂಡು ಬಂದಿದೆ.

ಇನ್ನು ಬರೆಯಲಾರೆ.

ಜುಲೈ 9, ಬುಧವಾರ

ಕೆಲಸಕ್ಕೆ ಹೊರಟೆ. ಬೇರೆ ಟೆಂಪೊ, ಬೇರೆ ಡ್ರೈವರ್. ಮೆಟ್ಟಿಲ ಮೇಲೆ ಕಾಲಿಟ್ಟೆ. ಒಳಗಿನ ಡೀಸೆಲ್ ವಾಸನೆ ಮೂಗಿಗೆ ಬಡಿಯಿತು. ಇಳಿದು ಬೇಲಿ ಬದಿಯಲ್ಲಿ ವಾಂತಿ ಮಾಡಿಕೊಂಡೆ. ಟೆಂಪೊ ಸ್ವಲ್ಪ ಹೊತ್ತು ಕಾದು ಹೊರಟಿತು.

ಜುಲೈ 14, ಸೋಮವಾರ

ನಡೆದು ಹೋಗುತ್ತಿದ್ದೇನೆ. ನೇರ ರಸ್ತೆ ಐದೂವರೆ ಕಿಲೋಮೀಟರ್. ಆ ಜಾಗ ಬರುತ್ತದೆ ಎಂದು ನಾಲೆ ಏರಿಯ ಮೇಲೆ ಸುತ್ತಿ ಹೋಗುತ್ತೇನೆ, ಇನ್ನಷ್ಟು ದೂರ. ಇಂದೂ ಗೇಟಿಗೆ ತಡವಾಯಿತು. ತಡವಾದರೆ ಅರ್ಧ ದಿನ ರಜೆ ಎಂದು ಬರೆದುಕೊಳ್ಳುತ್ತಾರೆ, ಕೆಲಸ ಮಾತ್ರ ಪೂರ್ತಿ ದಿನದ್ದು.

ಭಾನುವಿನ ಮೆಷಿನ್ ಮೇಲೆ ಹೊಸ ಹುಡುಗಿ ಕೂತಿದ್ದಾಳೆ. ಕಾಲರ್ ತುದಿ ಮಡಚುವುದು ಇನ್ನೂ ಬಂದಿಲ್ಲ. ಅವಳ ಪೀಸುಗಳನ್ನೆಲ್ಲ ವಾಪಸ್ ಕಳಿಸಿದೆ. ಒಂದೆರಡು ಸರಿಯಾಗಿಯೇ ಇದ್ದವು ಅನ್ನಿಸುತ್ತದೆ.

ಜುಲೈ 19, ಶನಿವಾರ

ಪರ್ಸನಲ್ ಆಫೀಸರ್ ಅಮೃತೇಶ್ ಕರೆದಿದ್ದರು. ಮೈಸೂರಿನವರು, ಬಂದು ಒಂದು ವರ್ಷವಾಗಿರಬಹುದು. ಜೋರು ಮಾಡಲಿಲ್ಲ.

"ಸಂಘಮಿತ್ರಾ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ದಿನಾ ಲೇಟು. ಮೇಲಿನವರು ನನ್ನ ಕೇಳ್ತಾರೆ. ಆಗಸ್ಟಿಂದ ಟೈಮಿಗೆ ಬರ್ಬೇಕು. ಇಲ್ಲಾಂದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ತಗೋಬೇಕಾಗುತ್ತೆ."

"ಆಯ್ತು ಸಾ" ಅಂದೆ. ಹೇಗೆ ಎಂದು ಅವರು ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ. ಈ ಕೆಲಸ ಹೋದರೆ ಇನ್ನೊಂದು ಕಾರ್ಖಾನೆ ಇದೆ, ಆದರೆ ಅದಕ್ಕೂ ಟೆಂಪೊದಲ್ಲೇ ಹೋಗಬೇಕು. ಉಳಿಯುವುದು ಕೂಲಿ, ಇಲ್ಲವೇ ಗಂಡನ ಮನೆ.

ಜುಲೈ 23, ಬುಧವಾರ

ನಿದ್ದೆ ಇಲ್ಲ. ಬೇರೇನೂ ಇಲ್ಲ.

ಜುಲೈ 28, ಸೋಮವಾರ

ಊಟದ ನಂತರ ಕ್ಯಾಂಟೀನಿನಲ್ಲಿ ಸಭೆ. ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಸೈಕಲ್ಲಿನ ಚಿತ್ರ ತೋರಿಸುತ್ತ ಅಮೃತೇಶ್ ಮಾತಾಡಿದರು. ಕಾರ್ಖಾನೆಗೆ ಹತ್ತಿರದ ಊರುಗಳವರಿಗೆ ಕಂಪನಿಯೇ ಸೈಕಲ್ ಕೊಡುತ್ತದೆ. ಒಂದು ವರ್ಷ ತುಳಿದರೆ ಅದು ತುಳಿದವರದ್ದೇ. ನಿಲ್ಲಿಸಲು ಶೆಡ್ ಕಟ್ಟಿಸುತ್ತಾರೆ, ಬಟ್ಟೆ ಬದಲಿಸಲು ಕೋಣೆ ಕೊಡುತ್ತಾರೆ. ರಿಪೇರಿಗೆ ತಾಂಡವಪುರದ ಮಾರಯ್ಯ ವಾರಕ್ಕೆರಡು ಸಲ ಬರುತ್ತಾನೆ. ಸೈಕಲ್ಲಿನಲ್ಲಿ ಬರುವವರಿಗೆ ಗೇಟಿನಲ್ಲಿ ಹದಿನೈದು ನಿಮಿಷ ಬಿಡುವು, ಅಷ್ಟರೊಳಗೆ ಬಂದರೆ ತಡವಲ್ಲ.

"ದಿನಾ ಸೈಕಲ್ ತುಳಿದ್ರೆ ಹಾರ್ಟಿಗೆ ಒಳ್ಳೇದು, ಶುಗರ್ ಬರಲ್ಲ, ಮನಸ್ಸೂ ಹಗುರ ಆಗುತ್ತೆ" ಅಂದರು.

ಹಿಂದಿನ ಬೆಂಚಿನಿಂದ ಒಬ್ಬಳು, "ಸಾ, ನೀವ್ ಕಾರಲ್ ಬತ್ತೀರಿ. ನಿಮ್ಗೆ ಆರ್ಟ್ ಇಲ್ವಾ?" ಅಂದಳು. ಎಲ್ಲರೂ ನಕ್ಕರು. ಅಮೃತೇಶ್ ಕಿವಿ ಕೆಂಪಗಾಯಿತು.

ಮನಸ್ಸು ಹಗುರವಾಗುವ ಮಾತು ನನಗೆ ಸೇರಲಿಲ್ಲ. ಹಗುರ ಮಾಡಿಕೊಳ್ಳುವುದು ನನಗೆ ಬೇಕಾಗಿಯೂ ಇಲ್ಲ. ಹದಿನೈದು ನಿಮಿಷಕ್ಕೋಸ್ಕರ ಹೆಸರು ಕೊಟ್ಟೆ.

ಆಗಸ್ಟ್ 4, ಸೋಮವಾರ

ಸೈಕಲ್ ಬಂತು. ಎಂಟನೇ ಕ್ಲಾಸಿನಲ್ಲಿ ಸರ್ಕಾರದ ಸೈಕಲ್ ಸಿಕ್ಕಾಗ ಅಪ್ಪ ಪಂಪ್‌ಹೌಸಿನ ಸುತ್ತ ಕಲಿಸಿದ್ದರು. ಮದುವೆಯಾದ ಮೇಲೆ ಆ ಸೈಕಲ್ಲಿನಲ್ಲಿ ಮೈದುನ ಓಡಾಡಿದ. ಅಲ್ಲಿಂದೀಚೆಗೆ ಮುಟ್ಟಿಲ್ಲ. ಇಂದು ಕಾರ್ಖಾನೆಯ ಅಂಗಳದಲ್ಲಿ ಎರಡು ಸುತ್ತು ತುಳಿದು, ಹಾಗೆಯೇ ಊರಿಗೆ ಬಂದೆ. ಕಾಲಿಗೆ ನೆನಪಿತ್ತು.

ಅಂಗಡಿ ಮುಂದೆ ಕೂತಿದ್ದ ಕರಿಯಪ್ಪ ಕೇಳಿದ: "ಏನವ್ವೋ, ಮತ್ತೆ ಎಂಟ್ನೇ ಕ್ಲಾಸ್‌ಗೆ ಸೇರ್ಕಂಡಾ?"

"ಊಂ ಕಣಣ್ಣ, ನೀನೂ ಬಾ. ನೀನಿನ್ನೂ ನಾಕ್ನೇದು ಪಾಸಾಗಿಲ್ಲ" ಅಂದುಬಿಟ್ಟೆ. ಪಕ್ಕದಲ್ಲಿದ್ದವರು ನಕ್ಕರು. ಮನೆಗೆ ಬಂದ ಮೇಲೆ ಸಂಕಟವಾಯಿತು. ಅವಳು ಸತ್ತು ಎರಡು ತಿಂಗಳು ತುಂಬಿಲ್ಲ, ನಾನು ಬೀದಿಯಲ್ಲಿ ತಮಾಷೆ ಮಾಡುತ್ತಿದ್ದೇನೆ.

ಆಗಸ್ಟ್ 13, ಬುಧವಾರ

ನಾಲೆ ಏರಿಯ ಮೇಲೆಯೇ ಹೋಗಿ ಬರುತ್ತಿದ್ದೇನೆ. ಕಲ್ಲು, ಗುಂಡಿ. ಸುತ್ತಾದರೂ ಹೊತ್ತಿಗೆ ಮುಂಚೆ ತಲುಪುತ್ತೇನೆ. ಕೆಲಸ ಸದ್ಯಕ್ಕೆ ಉಳಿದಿದೆ.

ತೊಡೆ ಸೆಳೆತ. ಅಪ್ಪ ಹರಳೆಣ್ಣೆ ಬಿಸಿ ಮಾಡಿ ಕೊಟ್ಟರು. ಬೆಳಗ್ಗೆ ಅವರೇ ಎಬ್ಬಿಸಬೇಕಾಯಿತು. ಪೇಪರ್ ಓದಿ ಹೇಳಲು ಹೊತ್ತು ಸಿಗಲಿಲ್ಲ.

ಆಗಸ್ಟ್ 20, ಬುಧವಾರ

ಭಾನುವಿನ ಮನೆಯ ಒಬ್ಬರಿಗೆ ಕಂಪನಿ ಕೆಲಸ ಕೊಟ್ಟಿದೆ. ಅವಳ ಗಂಡ ರಘು ಶುಂಠಿ ಕೆಲಸಕ್ಕೆ ಕೇರಳದ ಕಡೆ ಇರುವವನು. ತಿಥಿ ಮುಗಿಸಿ ಹೊರಟುಹೋದ. ಮಕ್ಕಳಿರಲಿಲ್ಲ. ಹಾಗಾಗಿ ಅತ್ತೆ ಚಿಕ್ಕಬಸಮ್ಮ ಬಂದಿದ್ದಾರೆ, ದಾರ ಕತ್ತರಿಸುವ ಕೆಲಸಕ್ಕೆ. ನನ್ನ ಮೇಜಿನ ಎದುರಿನ ಬೆಂಚು. ಮೊದಲ ದಿನವೇ ಕತ್ತರಿ ಹಿಡಿದು, "ಇದೇನವ್ವ, ಕುರಿ ಉಣ್ಣೆ ಕತ್ತರಿಸ್ದಂಗೆ" ಅಂದರು. ಯಾರೂ ನಗಲಿಲ್ಲ. ಭಾನುವಿನ ಅತ್ತೆ ಎಂದು ಎಲ್ಲರಿಗೂ ಗೊತ್ತು.

ಅವರೂ ಟೆಂಪೊ ಹತ್ತುವುದಿಲ್ಲವಂತೆ. ನಡೆದೇ ಬಂದರು. ಸಂಜೆ ನಾನು ಸೈಕಲ್ ಹತ್ತುವಾಗ ಗೇಟಿನ ಹತ್ತಿರ ಪಾದ ಒತ್ತಿಕೊಳ್ಳುತ್ತ ಕೂತಿದ್ದರು. ನೋಡದವಳಂತೆ ಬಂದೆ.

ಆಗಸ್ಟ್ 25, ಸೋಮವಾರ

ಇಂದೂ ಹಾಗೆಯೇ ಬರುತ್ತಿದ್ದೆ. ಅವರೇ ಕೂಗಿದರು.

"ಲೇ ಅಮ್ಮಿ, ಆ ಇಂದ್ಗಡೆ ಸೀಟು ಯಾರ್ಗ್ ಮಡಿಕಂಡಿದ್ದೀಯೆ?"

"ಅದು ಸೀಟಲ್ಲಮ್ಮ, ಕ್ಯಾರಿಯರ್ರು."

"ಮೂಟೆ ಕಟ್ತಾರಲ್ಲ, ನಾನೊಂದು ಮೂಟೆ ಅನ್ಕೊ."

ಮೇಲಿನ ಬೀದಿಯವರು. ನನ್ನ ಹಿಂದೆ ಕೂತು ನನ್ನ ಸೊಂಟ ಹಿಡಿದುಕೊಳ್ಳಬೇಕು. "ಊರಲ್ಲಿ ನೋಡ್ತಾರೆ" ಅಂದೆ.

"ನೋಡ್ಲಿ. ನೋಡೋರು ನನ್ನ ಒತ್ಕಂಡು ಓಗ್ತಾರಾ?"

ಗೋಣಿತಾಟನ್ನು ಮಡಿಸಿ ಕ್ಯಾರಿಯರ್ ಮೇಲೆ ಹಾಕಿಕೊಂಡು ಕೂತರು. ಹೊರಡುವಾಗ ಸೈಕಲ್ ಓಲಾಡಿತು. ದಾರಿಯುದ್ದಕ್ಕೂ ನಾಲ್ಕು ಮಾತೂ ಆಡಲಿಲ್ಲ. ಇಬ್ಬರೂ ಒಬ್ಬಳ ಬಗ್ಗೆಯೇ ಮಾತಾಡಬೇಕು, ಅದನ್ನು ಯಾರು ಶುರು ಮಾಡುವುದು?

ಆಗಸ್ಟ್ 29, ಶುಕ್ರವಾರ

ನಾಲೆ ಏರಿಯ ಗುಂಡಿಗಳಿಗೆ ಅವರ ಬೆನ್ನು ಹಿಡಿದುಕೊಂಡಿದೆ. ಬೆಳಗ್ಗೆ ಜಗುಲಿಯಿಂದ ಏಳಲು ಗೋಡೆ ಹಿಡಿದರು. "ನೆಟ್ಟಗಿರೋ ರಸ್ತೆ ಬುಟ್ಟು ಯಾಕಮ್ಮಿ ಈ ಸುತ್ತು?" ಎಂದು ಕೇಳಿದರು. ಕೇಳಿದವರೇ, "ಆಯ್ತು ಬುಡು" ಅಂದರು.

ನೇರ ರಸ್ತೆಯಲ್ಲಿ ಹೋದೆ. ಆ ಜಾಗ ಬಂದಾಗ ಮುಂದಿನ ಚಕ್ರವನ್ನೇ ನೋಡುತ್ತಿದ್ದೆ. ಕೈ ಬೆವರಿ ಹ್ಯಾಂಡಲ್ ಜಾರಿತು. ಹಿಂದೆ ಅವರು ಏನೋ ಗೊಣಗಿದರು, ಗಾಳಿಗೆ ಕೇಳಿಸಲಿಲ್ಲ. ಬೆನ್ನು ನೋವಿಗೆ ಬೈದುಕೊಂಡಿರಬೇಕು. ಗೇಟಿನ ಹತ್ತಿರ ಇಳಿದು ಅಂಗೈ ಒರೆಸಿಕೊಂಡೆ. ಇನ್ನು ಮೇಲೆ ನಡೆದು ಬನ್ನಿ ಎಂದು ಅವರಿಗೆ ಹೇಳಿಬಿಡಬೇಕು ಅಂದುಕೊಂಡೆ. ಸಂಜೆ ಹೇಳಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಅಮೃತೇಶ್ ಈಗ ಸೈಕಲ್ಲಿನಲ್ಲಿ ಬರುತ್ತಾರೆ. ಹೆಲ್ಮೆಟ್ಟು, ಕೈಗವಸು ಎಲ್ಲ ಇದೆ. ಪೆಟ್ರೋಲ್ ಬಂಕಿನವರೆಗೆ ಕಾರಿನಲ್ಲಿ ಬಂದು, ಡಿಕ್ಕಿಯಿಂದ ಸೈಕಲ್ ಇಳಿಸಿ, ಅಲ್ಲಿಂದ ತುಳಿಯುತ್ತಾರೆ ಎಂದು ಮಾರಯ್ಯ ಕಂಡು ಹಿಡಿದಿದ್ದಾನೆ. ಚಿಕ್ಕಬಸಮ್ಮ ಅವರನ್ನು ಶೆಡ್ಡಿನಲ್ಲೇ ತಡೆದು, "ಸಾ, ಬೆವರೇ ಬಂದಿಲ್ವಲ್ಲ ಸಾ, ನೀರ್ ಚಿಮುಕಿಸ್ಲಾ?" ಅಂದರು. ಅವರಿಗೂ ನಗು ತಡೆಯಲಾಗಲಿಲ್ಲ. ನಾಳೆಯಿಂದ ಇನ್ನೂ ಹಿಂದಿನ ಊರಿನಿಂದ ತುಳಿಯುತ್ತೇನೆ ಎಂದು ಒಪ್ಪಿಕೊಂಡರು.

ಶೆಡ್ಡಿನಲ್ಲಿ ಈಗ ಜಾಗ ಸಾಲುವುದಿಲ್ಲ. ಟೆಂಪೊದಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು ಬರುತ್ತಿದ್ದವರೇ ಹೆಚ್ಚು. ರಜೆ ಹಾಕುವವರು ಕಡಿಮೆಯಾಗಿದ್ದಾರಂತೆ. ಈ ಸೈಕಲ್ಲುಗಳು ಏಪ್ರಿಲಿನಲ್ಲೇ ಬಂದಿದ್ದರೆ. ಏಪ್ರಿಲಿನಲ್ಲಿ ಭಾನುವೇ ಒಂದು ಸಲ ಹೇಳಿದ್ದಳು, "ಇವ್ರು ಒಂದೊಂದ್ ಸೈಕಲ್ ಕೊಟ್ರೆ ಈ ಕುರಿದೊಡ್ಡಿ ತಪ್ತದೆ ಕಣೆ ಮಿತ್ರ" ಎಂದು. ಅವಳಿಗೆ ಸೈಕಲ್ ಬರುತ್ತಿರಲಿಲ್ಲ. ನಾನು ಕಲಿಸುತ್ತೇನೆ ಅಂದಿದ್ದೆ.



ಸೆಪ್ಟೆಂಬರ್ 19, ಶುಕ್ರವಾರ

ಭಾನುವಾರ ಪಿತೃಪಕ್ಷದ ಅಮಾವಾಸ್ಯೆ. ಮೇಲಿನ ಬೀದಿಯ ಮನೆಗಳಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ; ಹೊಸ ಬಟ್ಟೆ, ಅವರಿಗೆ ಇಷ್ಟವಾದ ತಿಂಡಿ. ವರ್ಷ ತುಂಬುವ ಮೊದಲು ಇಡಬಾರದು ಎಂದು ಯಾರೋ ಹೇಳಿದರಂತೆ, ಚಿಕ್ಕಬಸಮ್ಮ ಕೇಳಿಲ್ಲ. ಸಂಜೆ ಬರುವಾಗ ಹಿಂದಿನಿಂದ ಕೇಳಿದರು:

"ಅಮ್ಮಿ, ಭಾನುಗೆ ಏನ್ ಇಷ್ಟ ಇತ್ತು?"

"ನಿಮ್ಗೊತ್ತಿಲ್ವಾ?"

"ಎಲ್ರಿಗೂ ಬಡ್ಸಿ, ಉಳ್ದುದ್ನ ತಿನ್ನೋಳು. ಕೇಳಿದ್ರೆ, ಏನಾದ್ರೂ ಆಯ್ತದೆ ಅತ್ತೆ ಅನ್ನೋಳು. ನಾನೂ ಒಂದೇ ದಪ ಕೇಳಿದ್ದು. ಅವ್ಳ ಗಂಡನ್ನ ಪೋನಲ್ಲಿ ಕೇಳ್ದೆ. ಅವ್ನಿಗೂ ಗೊತ್ತಿಲ್ಲ."

ನನಗೆ ಗೊತ್ತಿತ್ತು. ಸೀಬೆಹಣ್ಣು, ಉಪ್ಪು ಖಾರ ಹಚ್ಚಿದ್ದು. ಸಂಜೆ ಟೆಂಪೊ ನಿಲ್ಲಿಸಿ ಮುದ್ದಮ್ಮನ ಹತ್ತಿರ ತೆಗೆದುಕೊಳ್ಳುತ್ತಿದ್ದೆವು. ಮುದ್ದಮ್ಮ ಮಂಕರಿಯಲ್ಲಿ ಹಣ್ಣು ಇಟ್ಟುಕೊಂಡು ಕೂರುವುದು ಆ ತಿರುವಿನಲ್ಲೇ. "ನಾನು ತತ್ತೀನಿ" ಅಂದೆ.

ಸೆಪ್ಟೆಂಬರ್ 21, ಭಾನುವಾರ

ಒಬ್ಬಳೇ ಸೈಕಲ್ಲಿನಲ್ಲಿ ಹೋದೆ. ಜೂನ್ ನಂತರ ಅಲ್ಲಿ ಕಾಲು ನೆಲಕ್ಕೂರಿದ್ದು ಇವತ್ತೇ. ರಸ್ತೆ ಬದಿಯ ಕಲ್ಲು ಕಿತ್ತದ್ದು ಕಿತ್ತ ಹಾಗೆಯೇ ಇದೆ. ಹುಲ್ಲು ಬೆಳೆದಿದೆ. ಮುದ್ದಮ್ಮ ನನ್ನನ್ನು ಗುರುತು ಹಿಡಿದು ಏನೂ ಕೇಳದೆ ಹಣ್ಣು ಆರಿಸಿದಳು, ಉಪ್ಪು ಖಾರವನ್ನು ಬೇರೆ ಪೊಟ್ಟಣ ಕಟ್ಟಿದಳು.

ಹಣ್ಣನ್ನು ಭಾನುವಿನ ಮನೆ ಜಗುಲಿಯ ಮೇಲೆ ಇಟ್ಟಾಗ ನೋಡಿದೆ. ಒಂದನ್ನು ಕಚ್ಚಿದ್ದೆ. ಯಾವಾಗ ಕಚ್ಚಿದೆನೋ ಗೊತ್ತಿಲ್ಲ. ಬೀಜ ಗಟ್ಟಿಯಿದೆಯಾ ಎಂದು ಮೊದಲು ನಾನು ಕಚ್ಚಿ ನೋಡಿ ಉಳಿದದ್ದನ್ನು ಅವಳಿಗೆ ಕೊಡುವುದು ರೂಢಿ. ಅದೇ ರೂಢಿಯಲ್ಲಿ ದಾರಿಯಲ್ಲಿ ಕಚ್ಚಿಬಿಟ್ಟಿದ್ದೇನೆ. ಎಡೆಗೆ ಇಡುವುದನ್ನು ಯಾರೂ ಮೂಸಿ ಸಹ ನೋಡುವುದಿಲ್ಲ. ಇದು ಎಂಜಲು, ಅದೂ ಕೆಳಗಿನ ಕೇರಿಯವಳ ಎಂಜಲು.

"ತಪ್ಪಾಯ್ತಮ್ಮ, ಬೇರೆ ತತ್ತೀನಿ" ಎಂದು ಅದನ್ನು ಮುಚ್ಚಿಡಲು ಹೋದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. ಹಲ್ಲಿನ ಗುರುತನ್ನು ನೋಡಿದರು.

"ಅವ್ಳಿಗೆ ಇಂಗೇ ಕೊಡ್ತಿದ್ದಾ?"

"ಊಂ."

"ಅಂಗಾದ್ರೆ ಇದೇ ಸರಿ. ಬ್ಯಾರೇದು ಇಟ್ರೆ ಅವ್ಳಿಗೆ ಗುರ್ತು ಸಿಗಾಕಿಲ್ಲ."

ತೊಳೆಯಲೂ ಇಲ್ಲ. ಹಾಗೆಯೇ ಒಳಗೆ ತೆಗೆದುಕೊಂಡು ಹೋದರು.

ಎಡೆ ಇಟ್ಟ ಮೇಲೆ ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಆಚೆ ಬರಬೇಕು. ಸತ್ತವರು ಬಂದು ಉಣ್ಣುವವರೆಗೆ ಒಳಗೆ ಯಾರೂ ಇರಬಾರದು. ಮನೆಯವರೆಲ್ಲ ಎಂದರೆ ಈಗ ಅವರೊಬ್ಬರೇ. ಬಂದು ಜಗುಲಿಯ ಮೇಲೆ ನನ್ನ ಪಕ್ಕ ಕೂತರು. ಮುಚ್ಚಿದ ಬಾಗಿಲಿನ ಹೊರಗೆ ಇಬ್ಬರೂ ಕೂತಿದ್ದೆವು. ಊದುಬತ್ತಿಯ ವಾಸನೆ ಬರುತ್ತಿತ್ತು. ಒಳಗೆ ಏನೂ ಸದ್ದಾಗಲಿಲ್ಲ. ಸದ್ದಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಮ್ಮ ಮನೆಯಲ್ಲಿ ಈ ಪದ್ಧತಿಯನ್ನು ಅಪ್ಪ ಹಿಂದೆಯೇ ಬಿಟ್ಟಿದ್ದಾರೆ, ಬುದ್ಧನ ಚಿತ್ರದ ಮುಂದೆ ದೀಪ ಹಚ್ಚುತ್ತೇವೆ. ಆದರೂ ಕಿವಿ ಕೊಟ್ಟು ಕೂತಿದ್ದೆ.

ಆಮೇಲೆ ಬಾಗಿಲು ತೆಗೆದರು. ನನ್ನನ್ನು ಒಳಗೆ ಕರೆಯಲಿಲ್ಲ. ನಾನೂ ಏಳಲಿಲ್ಲ. ಎರಡು ಎಲೆ ಆಚೆಗೇ ತಂದು, ಜಗುಲಿಯ ಮೇಲೆ ನನ್ನ ಜೊತೆಯೇ ಕೂತು ಉಂಡರು. ಬೀದಿಯಲ್ಲಿ ಹೋಗುವವರು ನೋಡಿದರು. ಕಚ್ಚಿದ ಹಣ್ಣನ್ನು ನಮ್ಮಿಬ್ಬರಿಗೂ ಭಾಗ ಮಾಡಿದರು.

ಸೆಪ್ಟೆಂಬರ್ 30, ಮಂಗಳವಾರ

ನಾಳೆ ರಜೆ, ಕಾರ್ಖಾನೆಯಲ್ಲಿ ಇವತ್ತೇ ಆಯುಧಪೂಜೆ. ಮೆಷಿನ್ನುಗಳಿಗೂ ಸೈಕಲ್ಲುಗಳಿಗೂ ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆದರು. ಕಾಲರ್ ಮೆಷಿನ್ನಿನ ಹೊಸ ಹುಡುಗಿ ನನಗೆ ಕಡಲೆಪುರಿ ತಂದುಕೊಟ್ಟಳು. ಅವಳ ಹೆಸರು ಕವನ ಎಂದು ಇವತ್ತು ಕೇಳಿದೆ. ತುದಿ ಮಡಚುವುದನ್ನು ತೋರಿಸಿಕೊಟ್ಟೆ. ಬೇಗ ಕಲಿಯುತ್ತಾಳೆ.

ಅಕ್ಟೋಬರ್ 27, ಸೋಮವಾರ

ಮಳೆ. ಸೀಬೆಹಣ್ಣಿನ ತಿರುವಿನಲ್ಲಿ ಕೆಸರು, ಇಬ್ಬರೂ ಇಳಿದು ತಳ್ಳಿದೆವು. ಮುದ್ದಮ್ಮ ತಾಡಪಾಲಿನ ಕೆಳಗೆ ಕರೆದು ಕೂರಿಸಿಕೊಂಡಳು. ಹಣ್ಣು ಮುಗಿಯುತ್ತ ಬಂದಿದೆಯಂತೆ, ಇನ್ನು ಮೇಲೆ ಅವರೆಕಾಯಿ ಇಡುತ್ತಾಳೆ. ಚಿಕ್ಕಬಸಮ್ಮ ಇವತ್ತೂ ಅಲ್ಲಿ ಏನೋ ಗೊಣಗಿದರು. ದಿನವೂ ಅದೇ ಜಾಗದಲ್ಲಿ ಗೊಣಗುತ್ತಾರೆ. ರಸ್ತೆ ಅಲ್ಲಿ ಏರು, ಕುಲುಕಾಟಕ್ಕೆ ಇರಬೇಕು.

ಪೇಪರಿನಲ್ಲಿ ವಿಶೇಷವೇನೂ ಇರಲಿಲ್ಲ. ಅಪ್ಪನಿಗೆ ಎಲ್ಲ ಪುಟ ಓದಿ ಹೇಳಿದೆ.

ನವೆಂಬರ್ 21, ಶುಕ್ರವಾರ

ಸೋಮವಾರದಿಂದ ಕಂಪನಿ ಬಸ್ ಬರುತ್ತದೆ. ಹೊಸದು, ಒಬ್ಬರಿಗೊಂದು ಸೀಟು. ಕ್ಯಾಂಟೀನಿನ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನವಳು, "ಅಂಗಾರೆ ನಮ್ಮ ಆರ್ಟು, ಸಾ?" ಅಂದಳು.

"ಬಸ್ಸು ಬೇಕಾದವರಿಗೆ ಬಸ್ಸು, ಸೈಕಲ್ ಬೇಕಾದವರಿಗೆ ಸೈಕಲ್. ಒಬ್ಬರೇ ತುಳಿದ್ರೂ ಶೆಡ್ ಇರುತ್ತೆ, ಹದಿನೈದು ನಿಮಿಷನೂ ಇರುತ್ತೆ. ಮೇಲಿನವರ ಹತ್ರ ಬರೆಸಿಕೊಂಡು ಬಂದಿದ್ದೀನಿ" ಅಂದರು ಅಮೃತೇಶ್.

ನಾನು ಸೈಕಲ್ ಅಂದೆ. ಚಿಕ್ಕಬಸಮ್ಮನಿಗೆ ಬೆನ್ನು ನೋವು, ಬಸ್ಸಿಗೆ ಹೋಗಿ ಎಂದು ನಾನೇ ಹೇಳಿದೆ. ಬಸ್ ಹತ್ತಲು ಹೆದರಿಕೆ ಅಂದರು. ಕವನ ಜೊತೆಗೆ ಕೂರುತ್ತಾಳೆ ಅಂದೆ.

ನವೆಂಬರ್ 24, ಸೋಮವಾರ

ಕ್ಯಾರಿಯರ್ ಖಾಲಿ. ಸೈಕಲ್ ಹಗುರ. ಏರಿನಲ್ಲಿ ಬಸ್ ನನ್ನನ್ನು ದಾಟಿ ಹೋಯಿತು. ಕಿಟಕಿಯಲ್ಲಿ ಅವರ ತಲೆ ಕಂಡಿತು. ಶೆಡ್ಡಿನಲ್ಲಿ ನನ್ನದರ ಜೊತೆ ಇನ್ನು ಕೆಲವೇ ಸೈಕಲ್ಲುಗಳು.

ನಿದ್ದೆ ತಡವಾಗಿ ಬಂತು.

ನವೆಂಬರ್ 27, ಗುರುವಾರ

ಇಂದು ಬೆಳಗ್ಗೆ ಅವರು ಬಸ್ ನಿಲ್ಲುವ ಕಡೆ ಇರಲಿಲ್ಲ. ತಮ್ಮ ಜಗುಲಿಯ ಮೇಲೆ ಗೋಣಿತಾಟು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಬಸ್ ಓಯ್ತಲ್ಲಮ್ಮ?"

"ಓಗ್ಲಿ ಬುಡು."

"ಸೀಟು ಮೆತ್ತಗೈತೆ ಅಂತಿದ್ರಿ?"

"ಸೀಟೇನೋ ಮೆತ್ತಗೈತೆ. ಆದ್ರೆ ಆ ತಿರುವು ಬಂದಿದ್ದೂ ಗೊತ್ತಾಗಾಕಿಲ್ಲ, ಓಗಿದ್ದೂ ಗೊತ್ತಾಗಾಕಿಲ್ಲ. ಬುರ್ರನೆ ದಾಟೋಯ್ತದೆ. ಒಂದ್ ಮಾತ್ ಆಡಕ್ಕಾಗಾಕಿಲ್ಲ."

ಯಾರ ಜೊತೆ ಮಾತು ಎಂದು ಕೇಳಿಬಿಟ್ಟೆ. ಗೋಣಿತಾಟು ಹಾಸಿ, ಕೂತು, ನನ್ನ ಸೊಂಟ ಹಿಡಿದುಕೊಂಡ ಮೇಲೆ ಹೇಳಿದರು. ಮುಖ ಕಾಣುತ್ತಿರಲಿಲ್ಲ.

"ದಿನಾ ಒಲೆ ತಾವು ಬಂದು ನಿಂತ್ಕಂಡು, 'ಅತ್ತೆ, ಓಗ್ಬತ್ತೀನಿ' ಅನ್ನೋಳು ಕಣೆ ಮಿತ್ರ. ನಾನು ಒಲೆ ಊದ್ತಿದ್ದೆ, ತಲೆ ಎತ್ತಿ ಊಂ ಅಂತಿರ್ಲಿಲ್ಲ. ಅವತ್ತೂ ಅನ್ನಿಲ್ಲ. ಅದ್ಕೇ ಅಲ್ಲಿ ಅಂತೀನಿ. 'ಊಂ, ಓಗ್ಬಾ ಕಣವ್ವ' ಅಂತ. ಅಷ್ಟೇಯ. ಸೈಕಲ್ಲಾದ್ರೆ ಅಂದು ಮುಗ್ಸೋ ಅಷ್ಟು ಒತ್ತು ಸಿಕ್ತದೆ."

ತಿರುವಿನಲ್ಲಿ ಸೈಕಲ್ ನಿಲ್ಲಿಸಿದೆ. ಅವರು ಇಳಿದರು, ನಾನೂ ಇಳಿದೆ. ಮುದ್ದಮ್ಮ ಇನ್ನೂ ಬಂದಿರಲಿಲ್ಲ. ಅವರು ಹೇಳುವುದನ್ನು ಹೇಳಿದರು. ಈ ಸಲ ಕೇಳಿಸಿತು. ಆಮೇಲೂ ಸ್ವಲ್ಪ ಹೊತ್ತು ನಿಂತಿದ್ದೆವು.

ಗೇಟಿಗೆ ತಡವಾಗಿ ಹೋದೆವು. ಹದಿನೈದು ನಿಮಿಷದ ಒಳಗೇ ಇತ್ತು, ಯಾರೂ ಏನೂ ಬರೆದುಕೊಳ್ಳಲಿಲ್ಲ.

ಹಿಂದಿನ ಚಕ್ರಕ್ಕೆ ಗಾಳಿ ಹೊಡೆಸಬೇಕು. ಇಬ್ಬರ ಭಾರ.